ವಯನಾಡಿನ ಕಾಡೂ ಲೋಕದ ಚರಿತ್ರೆಯೂ

ಚರಿತ್ರೆಯ ಪರೀಕ್ಷೆಯೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಇಸವಿಗಳ ಭಯ. ಅಮೆರಿಕದ ಸ್ವಾತಂತ್ರ್ಯ ಯುದ್ಧ 1775ರಿಂದ 1783, ಫ್ರಾನ್ಸಿನ ಮಹಾಕ್ರಾಂತಿ 1789, ಮೂರನೆಯ ಮೈಸೂರು ಯುದ್ಧ 1790ರಿಂದ 1792, ವಾಟರ್ಲೂ 1815 ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿ, ಉತ್ತರಪತ್ರಿಕೆಯಲ್ಲಿ ಇಳಿಸಿ, ಮರುದಿನವೇ ಮರೆತುಬಿಡುವುದು ವಾಡಿಕೆಯಾಗಿದೆ. ಮರೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಮನಸ್ಸು ಬಹುಕಾಲ ಹೊತ್ತು ತಿರುಗುವುದಿಲ್ಲ. ಭಾರತದ ಚರಿತ್ರೆ ಒಂದು ಭಾಗದಲ್ಲಿಯೂ ಲೋಕದ ಚರಿತ್ರೆ ಇನ್ನೊಂದು ಭಾಗದಲ್ಲಿಯೂ ಅಚ್ಚಾಗಿರುವುದರಿಂದ, ಇವು ಎರಡು ಬೇರೆ ಲೋಕಗಳಲ್ಲಿ ನಡೆದ ಕಥೆಗಳೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ತಾವು ಹುಟ್ಟಿ ಬೆಳೆದ ಊರಿಗಂತೂ ಎರಡರಲ್ಲಿಯೂ ಎಡೆಯಿಲ್ಲವೆಂದು ಅವರು ತಿಳಿದುಬಿಡುತ್ತಾರೆ.

ಈ ತಿಳಿವಳಿಕೆ ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಬೇಗೂರಿನ ಸುತ್ತಲಿನ ಈ ಗುಡ್ಡಗಾಡನ್ನು ನಡುವೆ ಇಟ್ಟುಕೊಂಡು, ಇಲ್ಲಿಂದ ನಿಂತು ನೋಡಿದರೆ ಆಧುನಿಕ ಭಾರತದ ಹಾಗೂ ಲೋಕದ ಚರಿತ್ರೆಯು ಹೇಗೆ ಕಾಣುತ್ತದೆಂಬುದನ್ನು ವಿಚಾರಿಸೋಣ. ಸಂಗತಿಗಳ ನಡುವಣ ಕೊಂಡಿ ಒಮ್ಮೆ ಕೈಗೆ ಸಿಕ್ಕಿದರೆ ಇಸವಿಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಅದಕ್ಕಿಂತ ಮಿಗಿಲಾಗಿ, ಚರಿತ್ರೆಯು ಪರರ ಮನೆಯ ಸುದ್ದಿಯಲ್ಲ, ನಮ್ಮದೂ ಹೌದು ಎಂಬ ಅರಿವು ಹುಟ್ಟುತ್ತದೆ.

ಮೂರು ದಾರಿಗಳು ಕೂಡುವ ನೆಲ

ಮೊದಲು ನಕ್ಷೆಯನ್ನು ನೋಡಬೇಕು. ಮಾನಂತವಾಡಿಯಿಂದ ಪಶ್ಚಿಮಕ್ಕೆ ಘಟ್ಟವನ್ನಿಳಿದರೆ ತಲಚೇರಿಯ ಕಡಲತೀರ. ಪೂರ್ವಕ್ಕೆ ಬಾವಲಿಯನ್ನು ದಾಟಿದರೆ ಹೆಗ್ಗಡದೇವನಕೋಟೆ, ಅದರಾಚೆ ಮೈಸೂರು. ಉತ್ತರಕ್ಕೆ ತೋಲ್ಪೆಟ್ಟಿಯ ಕಾಡನ್ನು ಹಾಯ್ದರೆ ಕುಟ್ಟ, ಅಂದರೆ ಕೊಡಗು. ಈ ಮೂರು ದಾರಿಗಳ ನಡುವಿನ ಕಾಡಿನಲ್ಲಿ ಬೇಗೂರು ಇದೆ. ಹೆಸರು ಕಿವಿಗೆ ಕನ್ನಡವಾಗಿಯೇ ಕೇಳಿಸುತ್ತದೆ. ಗುಂಡ್ಲುಪೇಟೆಯ ಕಡೆಯಲ್ಲಿಯೂ ಬೆಂಗಳೂರಿನ ಬಳಿಯಲ್ಲಿಯೂ ಇದೇ ಹೆಸರಿನ ಊರುಗಳುಂಟು. ಇಲ್ಲಿಯ ಹೊಳೆಗಳ ನೀರು ಅರಬ್ಬೀ ಸಮುದ್ರದತ್ತ ಇಳಿಯದೆ ಕಬಿನಿಯಾಗಿ ಪೂರ್ವಕ್ಕೆ ಹರಿದು, ನಂಜನಗೂಡನ್ನು ಮುಟ್ಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಹೀಗೆ ನೀರು ಮೈಸೂರಿನ ಕಡೆಗೂ, ಮೆಣಸು ಮಲಬಾರಿನ ಕಡಲಿಗೂ ಇಳಿಯುತ್ತಿದ್ದ ನಾಡು ಇದು. ಈ ನಾಡಿನ ಚರಿತ್ರೆಗೆ ಇಷ್ಟೇ ಪೀಠಿಕೆ ಸಾಕು.

ಸುಲ್ತಾನ್ ಬತ್ತೇರಿಯ ಹೆಸರೂ ಒಂದು ಪಾಠವೇ. ಗಣಪತಿವಟ್ಟಂ ಎಂಬುದು ಅದರ ಹಳೆಯ ಹೆಸರು. ಅಲ್ಲಿಯ ಜೈನರ ಬೀದಿಗಳಿಂದ ಹನ್ನೆರಡು ಬೀದಿ ಎಂಬ ಕನ್ನಡ ಹೆಸರೂ ಬಳಕೆಯಲ್ಲಿತ್ತೆಂದು ಹೇಳುತ್ತಾರೆ. ಅಲ್ಲಿಯ ಜೈನ ಬಸದಿಯನ್ನು ಟಿಪ್ಪು ಸುಲ್ತಾನನ ದಂಡು ಮದ್ದುಗುಂಡುಗಳ ನೆಲೆಯಾಗಿ ಬಳಸಿದ್ದರಿಂದ ಸುಲ್ತಾನನ ಬ್ಯಾಟರಿ ಎಂಬ ಆಂಗ್ಲರ ಮಾತು ಬಂದು, ಜನರ ಬಾಯಲ್ಲಿ ಬತ್ತೇರಿಯಾಯಿತು. ಒಂದೇ ಊರಿನ ಹೆಸರಿನಲ್ಲಿ ಕನ್ನಡ, ಮಲೆಯಾಳ, ಪಾರಸಿ, ಇಂಗ್ಲಿಷ್ ಭಾಷೆಗಳು ಒಂದರ ಮೇಲೊಂದು ಕುಳಿತಿವೆ. ಅರಸರು ಬದಲಾದಂತೆ ಊರಿನ ಹೆಸರಿನ ಮೇಲೆ ಒಂದೊಂದು ಪದರ ಕೂಡಿಕೊಂಡಿತು.

ಮೆಣಸಿಗಾಗಿ ಬಂದವರು

ಪೋರ್ತುಗೀಜರ ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನೆಂಬುದನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಆತನು ಬಂದದ್ದು ಮುಖ್ಯವಾಗಿ ಮೆಣಸಿಗಾಗಿ. ಮೆಣಸು ಬೆಳೆಯುತ್ತಿದ್ದುದು ಘಟ್ಟದ ತಪ್ಪಲಿನಲ್ಲಿ, ಘಟ್ಟದ ಮೇಲೆ. ಅಂದಮೇಲೆ ಸಮುದ್ರತೀರದ ಪ್ರತಿಯೊಂದು ಕೋಟೆಯ ಕಣ್ಣೂ ಈ ಬೆಟ್ಟಗಳ ಮೇಲಿತ್ತೆಂದು ತಿಳಿಯಬೇಕು. ಆಂಗ್ಲರ ಈಸ್ಟ್ ಇಂಡಿಯಾ ಕುಂಪಣಿ 1600ರಲ್ಲಿಯೂ, ಡಚ್ಚರದು 1602ರಲ್ಲಿಯೂ, ಫ್ರೆಂಚರದು 1664ರಲ್ಲಿಯೂ ಹುಟ್ಟಿದವು. ಮುಂದೆ ಆಂಗ್ಲರು ತಲಚೇರಿಯಲ್ಲಿ ನೆಲೆನಿಂತರು. ಫ್ರೆಂಚರು ಅದರ ಮಗ್ಗುಲಲ್ಲಿಯೇ ಮಾಹೆಯಲ್ಲಿ ಮನೆಮಾಡಿದರು. ಕೆಲವೇ ಮೈಲಿಗಳ ಅಂತರದಲ್ಲಿ ಇಬ್ಬರು ವೈರಿಗಳು ಒಂದೇ ಸರಕಿಗಾಗಿ ಅಂಗಡಿ ತೆರೆದಂತಾಯಿತು. ಯುರೋಪಿನಲ್ಲಿ ಈ ಎರಡು ದೇಶಗಳು ಕಾದಾಡಿದಾಗಲೆಲ್ಲ ಈ ಎರಡು ಊರುಗಳ ನಡುವೆಯೂ ಕಿಡಿ ಹಾರುತ್ತಿತ್ತು.

ಹೈದರಲಿಯು 1766ರಲ್ಲಿ ಮಲಬಾರಿಗೆ ದಂಡೆತ್ತಿ ಬಂದನು. ಆತನಿಗೆ ಮಲಬಾರು ಬೇಕಾಗಿದ್ದುದಕ್ಕೆ ಕಪ್ಪಕಾಣಿಕೆಯ ಆಸೆಯೊಂದೇ ಕಾರಣವಲ್ಲ. ಮೈಸೂರು ಒಳನಾಡಿನ ರಾಜ್ಯ. ಫ್ರೆಂಚರಿಂದ ಬರುವ ಬಂದೂಕು, ಮದ್ದು, ಸೀಸ ಇವು ಮೈಸೂರನ್ನು ತಲಪಬೇಕಾದರೆ ಕಡಲಿನ ಬಾಗಿಲೊಂದು ತೆರೆದಿರಬೇಕು. ಮಾಹೆಯು ಅಂತಹ ಬಾಗಿಲಾಗಿತ್ತು. ಆ ಬಾಗಿಲಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಗಳು ವಯನಾಡು, ಕೊಡಗುಗಳ ಮೂಲಕವೇ ಹಾಯುತ್ತಿದ್ದವು. ವಯನಾಡು ಯಾರ ಕೈಯಲ್ಲಿದೆಯೆಂಬ ಪ್ರಶ್ನೆಗೆ ಏಕೆ ಅಷ್ಟು ಬೆಲೆ ಬಂದಿತೆಂಬುದಕ್ಕೆ ಉತ್ತರ ಇಲ್ಲಿದೆ.

ಅಮೆರಿಕದ ಕಿಡಿ ಮಾಹೆಗೆ ತಗಲಿದುದು

ಇನ್ನು ಅಮೆರಿಕಕ್ಕೆ ಹೋಗೋಣ. ಅಲ್ಲಿಯ ಹದಿಮೂರು ವಸಾಹತುಗಳು 1776ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿದವು. ಆಂಗ್ಲರ ಹಗೆಯಾದ ಫ್ರಾನ್ಸ್ 1778ರಲ್ಲಿ ವಸಾಹತುಗಳ ಪಕ್ಷವನ್ನು ವಹಿಸಿತು. ಈ ಸುದ್ದಿ ಭಾರತವನ್ನು ಮುಟ್ಟಿದೊಡನೆ ಕುಂಪಣಿಯವರು ಇಲ್ಲಿಯ ಫ್ರೆಂಚ್ ನೆಲೆಗಳನ್ನು ಒಂದೊಂದಾಗಿ ಹಿಡಿಯತೊಡಗಿದರು. ಪುದುಚೇರಿ 1778ರಲ್ಲಿ ಬಿತ್ತು. ಮಾಹೆಯು 1779ರಲ್ಲಿ ಬಿತ್ತು. ಮಾಹೆ ತನ್ನ ರಕ್ಷಣೆಯಲ್ಲಿದೆಯೆಂದು ಹೈದರನು ಮುಂಚೆಯೇ ತಿಳಿಸಿದ್ದರೂ ಆಂಗ್ಲರು ಲಕ್ಷಿಸಲಿಲ್ಲ. 1769ರ ಮದರಾಸಿನ ಒಪ್ಪಂದದಲ್ಲಿ ಪರಸ್ಪರ ಸಹಾಯಕ್ಕೆ ಮಾತು ಕೊಟ್ಟಿದ್ದ ಕುಂಪಣಿ, ಮರಾಠರು ಮೈಸೂರಿನ ಮೇಲೆ ಏರಿಬಂದಾಗ ಕೈಕಟ್ಟಿ ಕುಳಿತಿದ್ದುದು ಆತನ ಮನಸ್ಸಿನಲ್ಲಿ ಮೊದಲೇ ಕುದಿಯುತ್ತಿತ್ತು. ಈ ಎರಡು ಕಾರಣಗಳೂ ಕೂಡಿ 1780ರಲ್ಲಿ ಎರಡನೆಯ ಮೈಸೂರು ಯುದ್ಧ ಮೊದಲಾಯಿತು. ಆ ವರ್ಷ ಪೊಳ್ಳಿಲೂರಿನಲ್ಲಿ ಕುಂಪಣಿಯ ದಂಡು ಕಂಡ ಸೋಲು ಅದಕ್ಕೆ ಭಾರತದಲ್ಲಿ ಒದಗಿದ ಬಹು ದೊಡ್ಡ ಸೋಲುಗಳಲ್ಲಿ ಒಂದು.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪರೀಕ್ಷೆಯಲ್ಲಿ ಎರಡನೆಯ ಮೈಸೂರು ಯುದ್ಧದ ಕಾರಣಗಳನ್ನು ಕೇಳಿದಾಗ “ಮಾಹೆಯ ವಶ” ಎಂದು ಒಂದೇ ಮಾತು ಬರೆದು ಮುಗಿಸುವವರು ಬಹು ಮಂದಿ. ಮಾಹೆಯನ್ನು ಆಂಗ್ಲರು ಹಿಡಿದುದು ಏಕೆ, ಹೈದರನಿಗೆ ಅದು ಬೇಕಾಗಿದ್ದುದು ಏಕೆ, ಹಳೆಯ ಅಸಮಾಧಾನವೇನು ಎಂಬ ಮೂರನ್ನೂ ಬರೆದವನಿಗೆ ಮಾತ್ರ ಕಾರ್ಯಕಾರಣ ಸಂಬಂಧ ತಿಳಿದಿದೆಯೆಂದು ಪರೀಕ್ಷಕನು ನಂಬುತ್ತಾನೆ.

1783ರಲ್ಲಿ ಯುರೋಪಿನಲ್ಲಿ ಶಾಂತಿಯಾಯಿತು. ಫ್ರೆಂಚರು ಕಡಲೂರಿನಲ್ಲಿ ಕದನವನ್ನು ನಿಲ್ಲಿಸಿ ಹಿಂದೆಗೆದರು. ಹೈದರನು 1782ರಲ್ಲಿಯೇ ತೀರಿಕೊಂಡಿದ್ದನು. ಮಗನಾದ ಟಿಪ್ಪುವು 1784ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದವನ್ನು ಮಾಡಿಕೊಂಡನು. ಯುರೋಪಿನಲ್ಲಿ ಬಿದ್ದ ಒಂದು ರುಜುವಿನಿಂದ ಮಂಗಳೂರಿನ ಮುತ್ತಿಗೆಯ ಗತಿಯೇ ಬದಲಾದುದನ್ನು ಇಲ್ಲಿ ಕಾಣುತ್ತೇವೆ.

ಫ್ರಾನ್ಸಿನ ಬರಿದಾದ ಬೊಕ್ಕಸ

ಅಮೆರಿಕದ ಯುದ್ಧದಲ್ಲಿ ಫ್ರಾನ್ಸ್ ಗೆದ್ದಿತು, ಆದರೆ ಸಾಲದಲ್ಲಿ ಮುಳುಗಿತು. ಟಿಪ್ಪುವು ಕಳುಹಿಸಿದ ರಾಯಭಾರಿಗಳನ್ನು ಹದಿನಾರನೆಯ ಲೂಯಿಯು 1788ರಲ್ಲಿ ಆದರದಿಂದ ಬರಮಾಡಿಕೊಂಡನು. ಕಾಣಿಕೆಗಳು ವಿನಿಮಯವಾದವು. ಸೈನ್ಯದ ಸಹಾಯ ಮಾತ್ರ ದೊರೆಯಲಿಲ್ಲ. ಬೊಕ್ಕಸ ಬರಿದಾಗಿದ್ದ ಅರಸನಿಗೆ ಕಡಲಾಚೆಯ ಗೆಳೆಯನಿಗಾಗಿ ಹೊಸ ಯುದ್ಧವನ್ನು ಹೂಡುವ ಶಕ್ತಿ ಉಳಿದಿರಲಿಲ್ಲ. ಮರುವರ್ಷ, 1789ರ ಜುಲೈ 14ರಂದು, ಪ್ಯಾರಿಸಿನ ಜನ ಬ್ಯಾಸ್ಟಿಲ್ ಕೋಟೆಯನ್ನು ಒಡೆದರು. ಅದೇ ವರ್ಷದ ಡಿಸೆಂಬರಿನ ಕೊನೆಯಲ್ಲಿ ಟಿಪ್ಪುವು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದನು. ಕೊಡಂಗಲ್ಲೂರು, ಆಯಕೋಟೆಗಳನ್ನು ತಿರುವಾಂಕೂರಿನ ಅರಸನು ಡಚ್ಚರಿಂದ ಕೊಂಡುಕೊಂಡಿದ್ದುದು ಈ ಜಗಳದ ಹತ್ತಿರದ ಕಾರಣ. ತಿರುವಾಂಕೂರು ಆಂಗ್ಲರ ಮಿತ್ರರಾಜ್ಯವಾದುದರಿಂದ ಮೂರನೆಯ ಮೈಸೂರು ಯುದ್ಧಕ್ಕೆ ದಾರಿಯಾಯಿತು.

ಈ ಯುದ್ಧದಲ್ಲಿ ಕುಂಪಣಿಯ ನಾಯಕನಾಗಿದ್ದವನು ಗವರ್ನರ್ ಜನರಲ್ ಕಾರ್ನ್‌ವಾಲಿಸ್. ಹತ್ತು ವರ್ಷಗಳ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾಗತನಾದ ಸೇನಾನಿಯೂ ಇವನೇ. ಅಲ್ಲಿ ಫ್ರೆಂಚರ ನೌಕಾಪಡೆ ಆತನ ದಾರಿಯನ್ನು ಕಟ್ಟಿತ್ತು, ಇಲ್ಲಿ ಟಿಪ್ಪುವಿನ ನೆರವಿಗೆ ಫ್ರೆಂಚರ ಹಡಗು ಬರಲಿಲ್ಲ. ಮುಂಬಯಿಯ ಸೈನ್ಯವು ಮಲಬಾರಿನ ತೀರದಿಂದ ಘಟ್ಟವೇರಿ, ಕೊಡಗಿನ ಅರಸನ ಸಹಾಯದಿಂದ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. 1792ರ ಮಾರ್ಚಿಯ ಒಪ್ಪಂದದಂತೆ ಟಿಪ್ಪುವು ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟನು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದನು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮಲಬಾರು ಕುಂಪಣಿಯ ಪಾಲಾಯಿತು. ವಯನಾಡು ಆ ಪಾಲಿನಲ್ಲಿ ಸೇರಿದೆಯೋ ಇಲ್ಲವೋ ಎಂಬುದು ಮಾತ್ರ ವಿವಾದವಾಗಿಯೇ ಉಳಿಯಿತು.

ಈ ಸರಪಳಿಯನ್ನು ಒಮ್ಮೆ ಎಣಿಸಿ ನೋಡಬಹುದು. ಅಮೆರಿಕದ ಯುದ್ಧ ಫ್ರಾನ್ಸಿನ ಸಾಲವನ್ನು ಬೆಳೆಸಿತು. ಸಾಲವು ಕ್ರಾಂತಿಯ ಕಾರಣಗಳಲ್ಲೊಂದಾಯಿತು. ಸಾಲದಿಂದಲೂ ಕ್ರಾಂತಿಯಿಂದಲೂ ಬಳಲಿದ ಫ್ರಾನ್ಸ್ ಮೈಸೂರಿಗೆ ಒದಗಲಾರದೆ ಹೋಯಿತು. ಒಂಟಿಯಾದ ಮೈಸೂರು ಮಲಬಾರನ್ನು ಕಳೆದುಕೊಂಡಿತು. ನಾಲ್ಕು ಪಾಠಗಳಲ್ಲಿ ಬಿಡಿಬಿಡಿಯಾಗಿ ಕಲಿಯುವ ವಿಷಯಗಳು ಹೀಗೆ ಒಂದೇ ಹಗ್ಗದ ಎಳೆಗಳಾಗುತ್ತವೆ. ಇದೊಂದೇ ಎಳೆಯಿಂದ ಹಗ್ಗವಾಯಿತೆಂದು ಮಾತ್ರ ಯಾರೂ ತಿಳಿಯಬಾರದು. ಮರಾಠರೂ ನಿಜಾಮನೂ ಆಂಗ್ಲರೊಡನೆ ಕೂಡಿದ್ದು ಅಷ್ಟೇ ದೊಡ್ಡ ಕಾರಣ.

ನೆಪೋಲಿಯನನು 1798ರಲ್ಲಿ ಈಜಿಪ್ತಿಗೆ ಇಳಿದಾಗ ಆಂಗ್ಲರ ಎದೆ ನಡುಗಿತು. ಆತನು 1799ರ ಜನವರಿಯಲ್ಲಿ ಕೈರೋವಿನಿಂದ ಟಿಪ್ಪುವಿಗೆ ಬರೆದ ಪತ್ರ ಹಾದಿಯಲ್ಲಿಯೇ ಆಂಗ್ಲರ ಕೈಗೆ ಬಿತ್ತು. ಅದೇ ಮಾರ್ಚಿಯಲ್ಲಿ ಕಣ್ಣಾನೂರಿನಿಂದ ಹೊರಟ ಮುಂಬಯಿಯ ದಂಡು ಕೊಡಗಿನ ಗಡಿಯ ಸಿದ್ದೇಶ್ವರದ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪುವು ಕದನದಲ್ಲಿ ಮಡಿದನು.

ಕಾಗದದ ಮೇಲೆ ದೊರೆತ ನಾಡು

ಶ್ರೀರಂಗಪಟ್ಟಣದ ಪತನದೊಡನೆ ವಯನಾಡಿನ ಮೇಲೆ ಕುಂಪಣಿಗೆ ಎದುರಾಳಿ ಅರಸನಿರಲಿಲ್ಲ. ಆದರೆ ಕಾಗದದ ಮೇಲೆ ದೊರೆತ ನಾಡನ್ನು ನೆಲದ ಮೇಲೆ ಹಿಡಿಯಲು ಅದಕ್ಕೆ ಇನ್ನೂ ಆರು ವರ್ಷಗಳು ಹಿಡಿದವು. ತಡೆದು ನಿಂತವನು ಕೋಟ್ಟಯಂ ಮನೆತನದ ಕೇರಳವರ್ಮ ಪಳಶ್ಶಿರಾಜ. ಈ ಕೋಟ್ಟಯಂ ತಲಚೇರಿಯ ಸಮೀಪದ್ದು. ತಿರುವಾಂಕೂರಿನ ಸೀಮೆಯ ಕೋಟ್ಟಯಂ ಬೇರೆ. ಪರೀಕ್ಷೆಯಲ್ಲಿ ಈ ಗೊಂದಲ ಆಗಾಗ ಕಾಣಿಸಿಕೊಳ್ಳುತ್ತದೆ.

ಕುಂಪಣಿಯು ಆತನ ನಾಡಿನ ಕಂದಾಯ ವಸೂಲಿಯನ್ನು ಆತನ ಮಾವನಾದ ಕುರುಂಬ್ರನಾಡಿನ ಅರಸನಿಗೆ ಗುತ್ತಿಗೆ ಕೊಟ್ಟದ್ದರಿಂದ ವಿರಸ ಬೆಳೆಯಿತು. 1797ರಲ್ಲಿ ಪೆರಿಯ ಘಟ್ಟದಲ್ಲಿ ಮೇಜರ್ ಕ್ಯಾಮರನ್ ಎಂಬ ಅಧಿಕಾರಿಯೂ ಆತನ ದಂಡೂ ಹೊಂಚುಗಾರರ ಕೈಗೆ ಸಿಕ್ಕಿ ನಾಶವಾದರು. ಕುಂಪಣಿಯು ವರ್ಷಕ್ಕೆ 8,000 ರೂಪಾಯಿಯ ವರ್ಷಾಸನಕ್ಕೆ ಒಪ್ಪಿ ಸಂಧಿ ಮಾಡಿಕೊಂಡಿತು. 1800ರಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತು. 1802ರ ಅಕ್ಟೋಬರಿನಲ್ಲಿ ಎಡಚೇನ ಕುಂಗನ್ ನಾಯರನೂ ಕುರಿಚ್ಯರ ಮುಖಂಡ ತಲಕ್ಕಲ್ ಚಂತುವೂ ಪನಮರದ ಕೋಟೆಯ ಮೇಲೆ ಬಿದ್ದು ಅಲ್ಲಿದ್ದ ಕುಂಪಣಿಯ ತುಕಡಿಯನ್ನು ಅಳಿಸಿಹಾಕಿದರು. ಬಿಲ್ಲುಬಾಣ ಹಿಡಿದ ಕಾಡಿನ ಮಕ್ಕಳು ಬಂದೂಕಿನ ದಂಡನ್ನು ಗೆದ್ದ ಈ ಪ್ರಸಂಗ ಶಾಲೆಯ ಪುಸ್ತಕದಲ್ಲಿ ಒಂದು ಸಾಲಿಗಿಂತ ಹೆಚ್ಚಿನ ಸ್ಥಳಕ್ಕೆ ಅರ್ಹವಾಗಿದೆ.

ಆಗ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳ ಸೇನೆಯ ಹೊಣೆ ಹೊತ್ತಿದ್ದವನು ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ, ಗವರ್ನರ್ ಜನರಲನ ತಮ್ಮ. ಕಾಡಿನಲ್ಲಿ ಗಾಡಿದಾರಿಗಳನ್ನು ತೆರೆಯಿಸುವುದು, ಅಲ್ಲಲ್ಲಿ ಠಾಣೆಗಳನ್ನು ನೆಲೆಗೊಳಿಸುವುದು, ಬಯಲಿನಿಂದ ಅಕ್ಕಿ ಉಪ್ಪುಗಳು ಬಂಡಾಯಗಾರರಿಗೆ ಸಿಕ್ಕದಂತೆ ತಡೆಯುವುದು ಆತನ ಉಪಾಯವಾಗಿತ್ತು. ಗೆಲುವು ಕೈಗೂಡುವ ಮುನ್ನವೇ ಆತನು 1803ರಲ್ಲಿ ಮರಾಠರ ಯುದ್ಧಕ್ಕೆ ಹೊರಟು ಅಸ್ಸಾಯೆಯಲ್ಲಿ ಜಯ ಪಡೆದನು. 1808ರಿಂದ 1814ರವರೆಗೆ ಸ್ಪೇನ್ ಪೋರ್ತುಗಲ್‌ಗಳಲ್ಲಿ ನೆಪೋಲಿಯನನ ಸೇನಾನಿಗಳೊಡನೆ ಕಾದಿದವನೂ, 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ನೆಪೋಲಿಯನನನ್ನೇ ಸೋಲಿಸಿದವನೂ ಇವನೇ. ಲೋಕವು ಅವನನ್ನು ವೆಲ್ಲಿಂಗ್ಟನ್ನಿನ ಡ್ಯೂಕ್ ಎಂದು ಬಲ್ಲದು. ಸ್ಪೇನಿನಲ್ಲಿ ಹಳ್ಳಿಗರು ಫ್ರೆಂಚರ ವಿರುದ್ಧ ನಡೆಸಿದ ಹೊಂಚುಯುದ್ಧದಿಂದ ಗೆರಿಲ್ಲಾ ಎಂಬ ಮಾತು ಲೋಕದ ಭಾಷೆಗಳಿಗೆ ಹರಡಿತು. ಆ ಮಾತು ಹರಡುವ ಮೊದಲೇ ಆ ಯುದ್ಧರೀತಿಯನ್ನು ಆತನು ಈ ಕಾಡಿನಲ್ಲಿ ಎದುರಿಸಿದ್ದನು. ವಯನಾಡೇ ಅವನಿಗೆ ಎಲ್ಲವನ್ನೂ ಕಲಿಸಿತೆಂದು ಹೇಳುವುದು ಅತಿಶಯವಾದೀತು. ಇಲ್ಲಿಯ ಅನುಭವ ಅವನ ಬುತ್ತಿಯಲ್ಲಿತ್ತೆಂದು ಹೇಳಿದರೆ ಸಾಕು.

ಕೊನೆಯ ಅಂಕ 1805ರಲ್ಲಿ ನಡೆಯಿತು. ತಲಚೇರಿಯ ಸಬ್ ಕಲೆಕ್ಟರ್ ತಾಮಸ್ ಹಾರ್ವೆ ಬೇಬರನ ಬೆನ್ನಟ್ಟುವಿಕೆಯಿಂದ ಪಳಶ್ಶಿರಾಜನು ನವೆಂಬರ್ 30ರಂದು ಪುಲ್ಪಳ್ಳಿಯ ಸಮೀಪ ಮಾವಿಲತೋಡಿನ ದಡದಲ್ಲಿ ಪ್ರಾಣ ಬಿಟ್ಟನು. ಕುಂಪಣಿಯ ದಂಡಿನ ಕೈಯಲ್ಲಿ ಮಡಿದನೆಂಬುದು ಸರಕಾರದ ವರದಿ. ಸೆರೆಯಾಗಲೊಲ್ಲದೆ ತಾನೇ ಪ್ರಾಣ ನೀಗಿದನೆಂಬುದು ಜನರ ನಂಬಿಕೆ. ಬೇಬರನು ತನ್ನ ಸ್ವಂತ ಪಲ್ಲಕ್ಕಿಯಲ್ಲಿ ಅರಸನ ದೇಹವನ್ನು ಸಾಗಿಸಿದನು. ಮಾನಂತವಾಡಿಯಲ್ಲಿ ಇಂದೂ ಆ ಸಮಾಧಿಯನ್ನು ನೋಡಬಹುದು. ಅದಕ್ಕೆ ಎರಡು ದಿನಗಳ ಬಳಿಕ, ಡಿಸೆಂಬರ್ 2ರಂದು, ನೆಪೋಲಿಯನನು ಆಸ್ಟರ್ಲಿಟ್ಜಿನಲ್ಲಿ ತನ್ನ ಮಹಾವಿಜಯವನ್ನು ಪಡೆದನು. ಒಂದು ಸುದ್ದಿ ಯುರೋಪನ್ನೆಲ್ಲ ಬೆಚ್ಚಿಬೀಳಿಸಿತು. ಇನ್ನೊಂದು ಸುದ್ದಿ ಈ ಬೆಟ್ಟಗಳಲ್ಲಿ ಪಿಸುಮಾತಾಗಿ ಹರಡಿತು. ಚರಿತ್ರೆಯ ವಿದ್ಯಾರ್ಥಿಗೆ ಎರಡೂ ಒಂದೇ ವಾರದ ಸುದ್ದಿಗಳು.

1812ರಲ್ಲಿ ಕುರಿಚ್ಯರೂ ಕುರುಮರೂ ಮತ್ತೆ ಎದ್ದರು. ಕಂದಾಯವನ್ನು ಧಾನ್ಯರೂಪದಲ್ಲಿ ಕೊಡುವ ಬದಲು ಹಣವಾಗಿಯೇ ತೆರಬೇಕೆಂಬ ನಿಯಮ ಅವರ ಬೆನ್ನು ಮುರಿದಿತ್ತು. ಕಾಡಿನ ನಡುವೆ ಬದುಕುವವನಿಗೆ ನಾಣ್ಯ ಎಲ್ಲಿಂದ ಬರಬೇಕು? ಕೆಲವೇ ವಾರಗಳಲ್ಲಿ ದಂಗೆ ಅಡಗಿತು. 1857ರ ಸಂಗ್ರಾಮಕ್ಕೆ 45 ವರ್ಷ ಮೊದಲು ಇದು ನಡೆಯಿತೆಂಬುದನ್ನು ನೆನಪಿಡುವುದು ಒಳ್ಳೆಯದು.

ಇಲ್ಲಿ ಗಡಿನಾಡಿನ ನಮಗೆ ವಿಶೇಷವಾದ ಒಂದು ಕಷ್ಟವಿದೆ. ಟಿಪ್ಪುವಿನ ನೆನಪು ಶ್ರೀರಂಗಪಟ್ಟಣದಲ್ಲಿ ಒಂದು ತೆರನಾಗಿದ್ದರೆ ಕೊಡಗಿನಲ್ಲಿಯೂ ಮಲಬಾರಿನಲ್ಲಿಯೂ ಬೇರೆ ತೆರನಾಗಿದೆ. ಪಳಶ್ಶಿರಾಜನು ಮೊದಲು ಮೈಸೂರಿನವರನ್ನು ವಿರೋಧಿಸಿ, ಅನಂತರ ಕುಂಪಣಿಯ ವಿರುದ್ಧ ಟಿಪ್ಪುವಿನ ಕಡೆಯವರೊಡನೆಯೇ ಸಂಧಾನ ನಡೆಸಿದನು. ಕನ್ನಡ ಓದುವ ಹುಡುಗನೂ ಮಲೆಯಾಳ ಓದುವ ಹುಡುಗನೂ ಒಂದೇ ಬೆಂಚಿನ ಮೇಲೆ ಕುಳಿತು ಈ ವಿಷಯವನ್ನು ಮಾತನಾಡಿದರೆ ಜಗಳವೇ ಆಗಬೇಕಾಗಿಲ್ಲ. ಯಾರು, ಯಾವಾಗ, ಯಾವ ಆಧಾರದ ಮೇಲೆ ಹೇಳಿದರು ಎಂದು ಕೇಳುವುದನ್ನು ಕಲಿತರೆ ಅದೇ ಉತ್ತಮ ಪಾಠವಾಗುತ್ತದೆ. ವೀರನನ್ನು ವೀರನೆನ್ನುವುದಕ್ಕೂ ಅವನಿಂದ ನೊಂದವರ ಮಾತನ್ನು ಕೇಳುವುದಕ್ಕೂ ವಿರೋಧವಿಲ್ಲ.

ಕಾಫಿ, ಚಿನ್ನ, ಅಕ್ಕಿ

ಮುಂದಿನ ನೂರು ವರ್ಷಗಳ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನ ತೋಟಗಾರರು ಇಲ್ಲಿ ಕಾಡು ಕಡಿದು ಕಾಫಿ ನೆಟ್ಟರು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿದ ಎಲೆರೋಗ ಬೇಗನೆ ಇಲ್ಲಿಗೂ ಹಬ್ಬಿ ತೋಟಗಳನ್ನು ಕೆಡಿಸಿತು. 1880ರ ಸುಮಾರಿಗೆ ದೇವಾಲ, ಪಂದಲೂರುಗಳ ಕಡೆ ಚಿನ್ನವಿದೆಯೆಂಬ ಗುಲ್ಲೆದ್ದು ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿದವು. ಷೇರು ಕೊಂಡವರ ಹಣ ಮಣ್ಣಿನಲ್ಲಿ ಹೋಯಿತು, ಚಿನ್ನ ಮೇಲೆ ಬರಲಿಲ್ಲ. ಅದೇ ಹೊತ್ತಿಗೆ ಕೋಲಾರದಲ್ಲಿ ಗಣಿಗಾರಿಕೆ ಬೇರೂರಿತು. 1882ರ ಮದರಾಸು ಅರಣ್ಯ ಕಾಯಿದೆಯಿಂದ ಕಾಡುಗಳು ಸರಕಾರದ ಕಾದಿಟ್ಟ ಕಾಡುಗಳಾದವು. ಕಾಡಿನ ಜೇನು, ಗೆಡ್ಡೆ, ಬಿದಿರುಗಳನ್ನು ನಂಬಿದ್ದ ಜನ ತಮ್ಮ ನೆಲದಲ್ಲಿಯೇ ಅಪ್ಪಣೆ ಬೇಡುವವರಾದರು.

1942ರಲ್ಲಿ ಜಪಾನಿನವರು ರಂಗೂನನ್ನು ಹಿಡಿದರು. ಬರ್ಮಾದ ಅಕ್ಕಿ ನಿಂತುಹೋಯಿತು. ಆ ಅಕ್ಕಿಯನ್ನೇ ನಂಬಿದ್ದ ತಿರುವಾಂಕೂರಿನಲ್ಲಿ ಹಸಿವು ಕಾಣಿಸಿತು. ಅಲ್ಲಿಯ ರೈತರು ಹೊಸ ನೆಲವನ್ನು ಹುಡುಕುತ್ತ ಮಲಬಾರಿನ ಬೆಟ್ಟಗಳಿಗೆ ಹೆಚ್ಚು ಹೆಚ್ಚಾಗಿ ಬಂದರು. ವಯನಾಡಿನ ಜನಸಂಖ್ಯೆ, ಭಾಷೆ, ಬೆಳೆ ಎಲ್ಲವೂ ಬದಲಾದವು. ಎರಡನೆಯ ಮಹಾಯುದ್ಧದ ಪರಿಣಾಮಗಳನ್ನು ಬರೆಯುವಾಗ ಹಿರೋಷಿಮವನ್ನೂ ವಿಶ್ವಸಂಸ್ಥೆಯನ್ನೂ ಬರೆಯುವುದು ಅವಶ್ಯ. ನಮ್ಮ ನೆರೆಮನೆಯವರು ಈ ಊರಿಗೆ ಬಂದ ಬಗೆಯೂ ಆ ಯುದ್ಧದ ಪರಿಣಾಮವೇ.

ಸ್ವಾತಂತ್ರ್ಯ ಯಾರಿಗೆ, ಯಾವಾಗ?

ಈಗ ಲೇಖನದ ಅತ್ಯಂತ ಮುಖ್ಯವಾದ ಭಾಗಕ್ಕೆ ಬರುತ್ತೇವೆ. ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರೆಂದು ಫ್ರಾನ್ಸಿನ ಕ್ರಾಂತಿಕಾರರು 1789ರಲ್ಲಿ ಸಾರಿದರು. ಆದರೂ ಅವರ ವಸಾಹತುಗಳಲ್ಲಿ ಗುಲಾಮಗಿರಿ 1794ರಲ್ಲಿ ರದ್ದಾಗಿ, 1802ರಲ್ಲಿ ಮರಳಿ ಬಂದು, 1848ರಲ್ಲಿಯೇ ಕೊನೆಗಂಡಿತು. ಬ್ರಿಟಿಷರು 1833ರಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಕಾಯಿದೆ ಮಾಡಿದಾಗ ಕುಂಪಣಿಯ ಆಡಳಿತದ ಭೂಮಿಯನ್ನು ಅದರಿಂದ ಹೊರಗಿಟ್ಟರು. ಭಾರತದಲ್ಲಿ 1843ರ ಐದನೆಯ ಕಾಯಿದೆಯಿಂದ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿತು. ಅಮೆರಿಕದಲ್ಲಿ ಅಂತರ್ಯುದ್ಧದ ಬಳಿಕ 1865ರಲ್ಲಿ ಅದು ಅಳಿಯಿತು. ಈ ಇಸವಿಗಳೆಲ್ಲ ಪಠ್ಯದಲ್ಲಿವೆ.

ಬೇಗೂರು, ತಿರುನೆಲ್ಲಿಗಳ ಸುತ್ತ ಬಾಳುವ ಅಡಿಯರನ್ನು ನೋಡೋಣ. ಅವರು ತಮ್ಮನ್ನು ರಾವುಳರೆಂದು ಕರೆದುಕೊಳ್ಳುತ್ತಾರೆ. ಕೊಡಗಿನಲ್ಲಿ ಅವರಿಗೆ ಯರವರೆಂದು ಹೆಸರು. ಅಡಿಯ ಎಂದರೆ ಆಳು, ಅಡಿಮೆ ಎಂದರ್ಥ. ಅವರೂ ಪಣಿಯರೂ ತಲೆಮಾರುಗಳಿಂದ ಜಮೀನುದಾರರ ಗದ್ದೆಗಳಲ್ಲಿ ಕಟ್ಟುಬಿದ್ದು ದುಡಿದರು. ಮಾನಂತವಾಡಿಯ ಸಮೀಪದ ವಳ್ಳಿಯೂರ್‌ಕಾವಿನ ಭಗವತಿಯ ಉತ್ಸವದಲ್ಲಿ ಒಡೆಯನು ಕೈಯಲ್ಲಿಡುತ್ತಿದ್ದ ಸಣ್ಣ ಮೊತ್ತದ ಹಣ, ನಿಲ್ಪುಪಣಂ, ಇಡೀ ಸಂಸಾರವನ್ನು ಒಂದು ವರ್ಷ ಆತನ ಗದ್ದೆಗೆ ಕಟ್ಟಿಹಾಕುತ್ತಿತ್ತು. ದೇವಿಯ ಮುಂದೆ ಕೊಟ್ಟ ಮಾತನ್ನು ಮೀರುವಂತಿರಲಿಲ್ಲ. 1843ರ ಕಾಯಿದೆ ಬಂದಿತು, ಇದು ನಡೆಯುತ್ತಲೇ ಇತ್ತು. ಹರಿಜನ ಯಾತ್ರೆಯಲ್ಲಿ ಗಾಂಧೀಜಿಯವರು 1934ರ ಜನವರಿಯಲ್ಲಿ ಕಲ್ಪೆಟ್ಟಕ್ಕೆ ಬಂದು ಹೋದರು, ಆಗಲೂ ನಡೆಯುತ್ತಿತ್ತು. 1947 ಬಂದಿತು. ಬೇಗಾರನ್ನು ನಿಷೇಧಿಸುವ 23ನೆಯ ಅನುಚ್ಛೇದವಿರುವ ಸಂವಿಧಾನ 1950ರಲ್ಲಿ ಜಾರಿಗೆ ಬಂದಿತು. ಜೀತವನ್ನು ಅಪರಾಧವೆಂದು ಸಾರಿದ ಕಾಯಿದೆ ಬಂದುದು 1976ರಲ್ಲಿ. ಕಾಡಿನ ಮೇಲೆ ಕಾಡುವಾಸಿಗಳಿಗಿರುವ ಹಕ್ಕನ್ನು ಸಂಸತ್ತು ಒಪ್ಪಿಕೊಂಡುದು 2006ರಲ್ಲಿ.

ಇಷ್ಟನ್ನು ಹೇಳುವುದು 1947ರ ಬೆಲೆಯನ್ನು ತಗ್ಗಿಸಲಿಕ್ಕಲ್ಲ. ಆ ಆಗಸ್ಟ್ 15 ಇಲ್ಲದಿದ್ದರೆ ಮುಂದಿನ ಕಾಯಿದೆಗಳೂ ಬರುತ್ತಿರಲಿಲ್ಲ. ಸ್ವಾತಂತ್ರ್ಯವು ರಾಜಧಾನಿಯನ್ನು ತಲಪಿದ ದಿನವೇ ಗದ್ದೆಯ ಬದುವನ್ನು ತಲಪುವುದಿಲ್ಲವೆಂಬುದನ್ನು ಮಾತ್ರ ಚರಿತ್ರೆಯ ವಿದ್ಯಾರ್ಥಿಯು ಅರಿಯಬೇಕು. ರಾವುಳರ ಮಗುವೂ ಕಾಟ್ಟುನಾಯ್ಕರ ಮಗುವೂ ಚೆಟ್ಟಿಯ ಮಗುವೂ ಗೌಡರ ಮಗುವೂ ಕೂಡಿ ಕುಳಿತ ತರಗತಿಯಲ್ಲಿ “ಭಾರತಕ್ಕೆ ಸ್ವಾತಂತ್ರ್ಯ ಯಾವಾಗ ಬಂದಿತು?” ಎಂದು ಅಧ್ಯಾಪಕರು ಕೇಳಿದಾಗ ಉತ್ತರ 1947 ಎಂಬುದೇ. ಒಂದು ಅಂಕದ ಆ ಉತ್ತರದ ಹಿಂದೆ ಇಂತಹ ದೀರ್ಘ ಕಥೆಯಿದೆಯೆಂದು ತಿಳಿಸುವ ಭಾರ ಅಧ್ಯಾಪಕರ ಮೇಲಿದೆ.

ಗಡಿಯು ಬಂದ ಬಗೆ

ವಯನಾಡು ಮದರಾಸು ಪ್ರಾಂತದ ಮಲಬಾರು ಜಿಲ್ಲೆಗೆ ಸೇರಿತ್ತು. ಅದರ ಆಗ್ನೇಯ ಭಾಗವನ್ನು 1877ರಲ್ಲಿ ನೀಲಗಿರಿಗೆ ಸೇರಿಸಿದರು. ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ಉಪವಾಸದಿಂದ ಪ್ರಾಣತೆತ್ತ ಬಳಿಕ 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿತು. ಫಜಲ್ ಅಲಿ ಆಯೋಗವು 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರೂ ಕೇರಳವೂ ಒಂದೇ ದಿನ ಉದಯಿಸಿದವು. ಬಾವಲಿಯ ಹೊಳೆಯ ಆಚೆ ಈಚೆ ಎರಡು ರಾಜ್ಯಗಳಾದವು. ವಯನಾಡು ಪ್ರತ್ಯೇಕ ಜಿಲ್ಲೆಯಾದುದು 1980ರ ನವೆಂಬರ್ 1ರಂದು. ಗಡಿಗಳು ಮನುಷ್ಯರು ಬರೆದವು, ಅವಕ್ಕೂ ಹುಟ್ಟಿದ ದಿನವುಂಟು. ನಮ್ಮ ಮನೆಮಾತು ಮಾತ್ರ ಆ ದಿನಕ್ಕಿಂತ ಬಹಳ ಹಳೆಯದು. ರಾಜ್ಯದ ಭಾಷೆಯನ್ನು ಗೌರವದಿಂದ ಕಲಿಯುತ್ತ ಮನೆಯ ಭಾಷೆಯನ್ನು ಪ್ರೀತಿಯಿಂದ ಉಳಿಸಿಕೊಳ್ಳುವುದು ಗಡಿನಾಡಿನವರಿಗೆ ಸಾಧ್ಯವೂ ಹೌದು, ಲಾಭವೂ ಹೌದು.

ವಿದ್ಯಾರ್ಥಿಗಳಿಗೆ ಕೆಲವು ಮಾತು

ಪರೀಕ್ಷೆ ಸಮೀಪಿಸಿದಾಗ ಒಂದು ಹಾಳೆಯನ್ನು ತೆಗೆದುಕೊಂಡು ಮೂರು ಅಂಕಣಗಳನ್ನು ಗೆರೆ ಹಾಕಬೇಕು. ಮೊದಲನೆಯದರಲ್ಲಿ ಲೋಕ, ಎರಡನೆಯದರಲ್ಲಿ ಭಾರತ, ಮೂರನೆಯದರಲ್ಲಿ ನಮ್ಮ ನಾಡು. 1779, 1789, 1792, 1799, 1805, 1812, 1843, 1942, 1947, 1956, 1976 ಎಂಬ ಹನ್ನೊಂದು ಇಸವಿಗಳ ಎದುರು ಮೂರೂ ಅಂಕಣಗಳನ್ನು ತುಂಬಲು ಯತ್ನಿಸಬೇಕು. ತುಂಬದೆ ಉಳಿದ ಮನೆಗಳಿಗಾಗಿ ಪುಸ್ತಕವನ್ನೂ ಅಧ್ಯಾಪಕರನ್ನೂ ಮನೆಯ ಹಿರಿಯರನ್ನೂ ಕೇಳಬೇಕು. ಹಿರಿಯರು ಹೇಳಿದುದನ್ನು ಹಾಗೆಯೇ ನಂಬದೆ, ಹಾಗೆಂದು ತಳ್ಳಿಯೂ ಬಿಡದೆ, ಪುಸ್ತಕದೊಡನೆ ಹೋಲಿಸಿ ನೋಡಬೇಕು.

ಉತ್ತರವನ್ನು ಬರೆಯುವಾಗ ಕಾರಣ, ಘಟನೆ, ಪರಿಣಾಮ ಎಂಬ ಕ್ರಮವನ್ನು ಬಿಡಬಾರದು. ಕಾರಣಗಳಲ್ಲಿ ದೂರದ್ದು ಯಾವುದು, ಹತ್ತಿರದ್ದು ಯಾವುದು ಎಂದು ಬೇರ್ಪಡಿಸಿದರೆ ಉತ್ತರಕ್ಕೆ ಕಳೆಯೇರುತ್ತದೆ. ತಿಳಿಯದ ಇಸವಿಯನ್ನು ಊಹಿಸಿ ಬರೆಯುವುದಕ್ಕಿಂತ ಆ ಘಟನೆ ಯಾವುದರ ಬಳಿಕ, ಯಾವುದರ ಮುನ್ನ ನಡೆಯಿತೆಂದು ಸರಿಯಾಗಿ ಹೇಳುವುದು ಮೇಲು.

ಅಧ್ಯಾಪಕ ಬಂಧುಗಳಲ್ಲಿಯೂ ಒಂದು ವಿಜ್ಞಾಪನೆ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಮಾನಂತವಾಡಿಯ ಸಮಾಧಿಗೂ, ಪನಮರಕ್ಕೂ, ಬತ್ತೇರಿಯ ಬಸದಿಗೂ ಕರೆದೊಯ್ಯಬೇಕು. ಬಸದಿಯ ಕಲ್ಲುಕಂಬವನ್ನು ಕೈಯಿಂದ ಮುಟ್ಟಿದ ಮಗು ಶ್ರೀರಂಗಪಟ್ಟಣದ ಇಸವಿಯನ್ನು ಮರೆಯುವುದಿಲ್ಲ. ಕಾಡಿನ ನಡುವಿನ ಈ ಸಣ್ಣ ಊರಿನ ಮಕ್ಕಳು ಲೋಕಚರಿತ್ರೆಯ ಪುಸ್ತಕವನ್ನು ತೆರೆದಾಗ ಅದರಲ್ಲಿ ತಮ್ಮ ಬೆಟ್ಟವನ್ನೂ ಹೊಳೆಯನ್ನೂ ಜನರನ್ನೂ ಗುರುತಿಸುವಂತಾದರೆ ನಮ್ಮ ಶ್ರಮ ಸಾರ್ಥಕ. ಅಂಕಗಳು ಅದರ ಹಿಂದೆಯೇ ಬರುತ್ತವೆ.